ಕಾನೂನು ಕೇಳದೆ ಬಿಟ್ಟುಕೊಟ್ಟ ಅಂಗಳ

ಕಚೇರಿ ಕಟ್ಟಡಗಳಿಗೂ ಒಂದು ಚರಿತ್ರೆ ಇರಬಹುದೆಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ದೇವಾಲಯಕ್ಕೆ ಸ್ಥಳಪುರಾಣವಿರುತ್ತದೆ, ಕೋಟೆಗೆ ಯುದ್ಧದ ಕಥೆಯಿರುತ್ತದೆ. ಗುಮಾಸ್ತರು ಬೆಳಿಗ್ಗೆ ಬಂದು ಸಂಜೆ ಹೊರಡುವ ಕಟ್ಟಡಕ್ಕೆ ಇರುವುದು ಬಾಡಿಗೆ ಕರಾರು ಮತ್ತು ತೆರಿಗೆ ರಸೀದಿ ಅಷ್ಟೆ. ಆದರೆ ನ್ಯೂಯಾರ್ಕ್ ನಗರದ ಪಾರ್ಕ್ ಅವೆನ್ಯೂದಲ್ಲಿ 1958ರಲ್ಲಿ ಪೂರ್ಣಗೊಂಡ ಸೀಗ್ರಾಂ ಕಟ್ಟಡದ ವಿಷಯದಲ್ಲಿ ಆ ಬಾಡಿಗೆ ಕರಾರು ಮತ್ತು ತೆರಿಗೆ ರಸೀದಿಗಳೇ ಚರಿತ್ರೆಯ ಮುಖ್ಯ ಪಾತ್ರಗಳು. ಆಧುನಿಕ ವಾಸ್ತುಶಿಲ್ಪದ ಪಠ್ಯಗಳಲ್ಲಿ ಈ ಕಟ್ಟಡಕ್ಕೆ ಶಾಶ್ವತ ಸ್ಥಾನವಿದೆ. ಸಾರ್ವಜನಿಕ ಆಡಳಿತವನ್ನು ಅಭ್ಯಾಸ ಮಾಡುವವರು ಕೂಡ ಇದನ್ನು ಗಮನವಿಟ್ಟು ನೋಡಬೇಕು. ಒಬ್ಬ ಮಾಲೀಕ ಕಾನೂನಿನ ಒತ್ತಾಯವಿಲ್ಲದೆ ಸಾರ್ವಜನಿಕರಿಗೆ ಉಪಕಾರ ಮಾಡಿದಾಗ ಸರ್ಕಾರ ಏನು ಮಾಡುತ್ತದೆ, ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಎತ್ತುವ ಉದಾಹರಣೆ ಬಹಳ ವಿರಳ.

ಕಥೆ ಸ್ವಲ್ಪ ಹಿಂದಿನಿಂದಲೇ ಆರಂಭವಾಗಬೇಕು. 1915ರಲ್ಲಿ ಮ್ಯಾನ್‌ಹಟನ್ನಿನ ದಕ್ಷಿಣ ಭಾಗದಲ್ಲಿ ಈಕ್ವಿಟಬಲ್ ಎಂಬ ದೈತ್ಯ ಕಟ್ಟಡ ತಲೆಯೆತ್ತಿತು. ಒಂದು ಎಕರೆಗಿಂತ ತುಸು ಕಡಿಮೆ ನಿವೇಶನದ ಮೇಲೆ ಸುಮಾರು 12 ಲಕ್ಷ ಚದರ ಅಡಿ ಕಚೇರಿ ಜಾಗ. ನಿವೇಶನದ ಅಂಚಿನಿಂದ ನೇರವಾಗಿ ಮೇಲೇರಿದ ಅದರ ಗೋಡೆಗಳು ಸುತ್ತಲಿನ ಬೀದಿಗಳ ಬಿಸಿಲನ್ನು ನುಂಗಿಹಾಕಿದವು. ಇದರ ವಿರುದ್ಧ ಎದ್ದ ಕೂಗು ಮರುವರ್ಷವೇ, ಅಂದರೆ 1916ರಲ್ಲಿ, ನಗರದ ಪ್ರಥಮ ಸಮಗ್ರ ವಲಯ ನಿಯಮ ಜಾರಿಗೆ ಬರಲು ಒಂದು ಮುಖ್ಯ ಕಾರಣವಾಯಿತು. ಕಟ್ಟಡ ಒಂದು ಎತ್ತರವನ್ನು ದಾಟಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯಬೇಕು ಎಂಬುದು ಆ ನಿಯಮದ ಸಾರ. ನಿವೇಶನದ ಕಾಲುಭಾಗದ ಮೇಲೆ ಮಾತ್ರ ಎಷ್ಟು ಎತ್ತರಕ್ಕಾದರೂ ಕಟ್ಟಬಹುದಾಗಿತ್ತು. ಇದರ ಫಲವಾಗಿ ಮುಂದಿನ ನಾಲ್ಕು ದಶಕಗಳ ಕಾಲ ನ್ಯೂಯಾರ್ಕಿನ ಬಹುಪಾಲು ದೊಡ್ಡ ಕಟ್ಟಡಗಳು ಮದುವೆಯ ಕೇಕಿನ ಆಕಾರ ತಳೆದವು. ಕಾನೂನು ಅನುಮತಿಸಿದ ಕೊನೆಯ ಅಂಗುಲವನ್ನೂ ತುಂಬಿದರೆ ದೊರೆಯುವ ಆಕಾರ ಅದು. ವಾಸ್ತುಶಿಲ್ಪಿಗಿಂತ ಹೆಚ್ಚಾಗಿ ನಿಯಮಾವಳಿಯೇ ಕಟ್ಟಡವನ್ನು ವಿನ್ಯಾಸಗೊಳಿಸುತ್ತಿತ್ತು ಎಂದರೆ ತಪ್ಪಾಗಲಾರದು.

ಇಂತಹ ಬೀದಿಯಲ್ಲಿ ತನ್ನ ಕೇಂದ್ರ ಕಚೇರಿಯನ್ನು ಕಟ್ಟಲು ಹೊರಟದ್ದು ಮದ್ಯ ತಯಾರಿಕಾ ಸಂಸ್ಥೆಯಾದ ಜೋಸೆಫ್ ಇ. ಸೀಗ್ರಾಂ ಅಂಡ್ ಸನ್ಸ್. ಅದರ ಒಡೆಯ ಕೆನಡಾದ ಸ್ಯಾಮ್ಯುಯೆಲ್ ಬ್ರಾನ್ಫ್‌ಮನ್. ಅಮೆರಿಕದಲ್ಲಿ ಪಾನನಿಷೇಧವಿದ್ದ 1920ರಿಂದ 1933ರ ಅವಧಿಯಲ್ಲಿ ಗಡಿಯಾಚೆಯಿಂದ ಹರಿದುಬಂದ ಕೆನಡಾದ ಮದ್ಯದ ವ್ಯಾಪಾರದಲ್ಲಿ ಬೆಳೆದ ಕುಟುಂಬ ಅದು. ಹಣ ಸಾಕಷ್ಟಿತ್ತು. ಗಣ್ಯ ಸಮಾಜದ ಮನ್ನಣೆ ಇನ್ನೂ ಬೇಕಾಗಿತ್ತು. ಸಂಸ್ಥೆಯ ಶತಮಾನೋತ್ಸವದ ಹೊತ್ತಿಗೆ ಪಾರ್ಕ್ ಅವೆನ್ಯೂವಿನ 52 ಮತ್ತು 53ನೇ ಬೀದಿಗಳ ನಡುವೆ ಕಟ್ಟಡವೊಂದು ಸಿದ್ಧವಾಗಬೇಕೆಂಬುದು ಬ್ರಾನ್ಫ್‌ಮನ್‌ರ ಆಸೆ. 1954ರಲ್ಲಿ ಚಾರ್ಲ್ಸ್ ಲಕ್‌ಮನ್ ಎಂಬ ವಾಸ್ತುಶಿಲ್ಪಿಯ ಸಂಸ್ಥೆಯಿಂದ ಒಂದು ನಕ್ಷೆಯೂ ತಯಾರಾಯಿತು. ಈ ಲಕ್‌ಮನ್ ಹಿಂದೆ ಲೀವರ್ ಬ್ರದರ್ಸ್ ಸಾಬೂನು ಕಂಪೆನಿಯ ಅಮೆರಿಕ ಶಾಖೆಯ ಅಧ್ಯಕ್ಷರಾಗಿದ್ದವರು. ಅದೇ ಪಾರ್ಕ್ ಅವೆನ್ಯೂವಿನ ಎದುರು ಬದಿಯಲ್ಲಿ 1952ರಲ್ಲಿ ಪೂರ್ಣಗೊಂಡ, ಗಾಜಿನ ಹೊದಿಕೆಯ ಲೀವರ್ ಹೌಸ್ ಕಟ್ಟಡದ ಯೋಜನೆ ಅವರ ಕಾಲದಲ್ಲೇ ಚಿಗುರಿದ್ದು.

ನಕ್ಷೆಯನ್ನು ನೋಡಿ ಕೆರಳಿದವರು ಬ್ರಾನ್ಫ್‌ಮನ್‌ರ ಮಗಳು ಫಿಲಿಸ್ ಲ್ಯಾಂಬರ್ಟ್. ಆಗ ಆಕೆಗೆ 27 ವರ್ಷ. ಪ್ಯಾರಿಸ್‌ನಲ್ಲಿ ನೆಲೆಸಿದ್ದ ಆಕೆ ತಂದೆಗೆ ಹಲವು ಪುಟಗಳ ದೀರ್ಘ ಪತ್ರ ಬರೆದು, ಇಂಥ ಕಟ್ಟಡವನ್ನು ಕಟ್ಟಲೇಕೂಡದೆಂದು ವಾದಿಸಿದರು. ನಗರದ ನಡುವೆ ಕಟ್ಟಡ ಕಟ್ಟುವವನಿಗೆ ತನ್ನ ಸಿಬ್ಬಂದಿಯ ವಿಷಯದಲ್ಲಿ ಹೇಗೋ ಹಾಗೆಯೇ ಆ ಬೀದಿಯಲ್ಲಿ ನಡೆಯುವ ಎಲ್ಲರ ವಿಷಯದಲ್ಲೂ ಹೊಣೆಗಾರಿಕೆ ಇದೆ ಎಂಬುದು ಆಕೆಯ ವಾದದ ತಿರುಳಾಗಿತ್ತು. ಮುಂಗೋಪಿಯೆಂದು ಹೆಸರಾಗಿದ್ದ ತಂದೆ ಮಗಳ ಮಾತನ್ನು ತಳ್ಳಿಹಾಕಲಿಲ್ಲ. ವಾಸ್ತುಶಿಲ್ಪಿಯನ್ನು ಆರಿಸುವ ಕೆಲಸವನ್ನೇ ಆಕೆಗೆ ಒಪ್ಪಿಸಿ, ಆಮೇಲೆ ಯೋಜನಾ ನಿರ್ದೇಶಕಿಯನ್ನಾಗಿ ನೇಮಿಸಿದರು.

ಲ್ಯಾಂಬರ್ಟ್ ಅವಸರ ಮಾಡಲಿಲ್ಲ. ಆಧುನಿಕ ಕಲಾ ಸಂಗ್ರಹಾಲಯದ ವಾಸ್ತುಶಿಲ್ಪ ವಿಭಾಗದಲ್ಲಿದ್ದ ಫಿಲಿಪ್ ಜಾನ್ಸನ್ ಅವರ ಸಲಹೆ ಪಡೆದು ದೇಶ ಸುತ್ತಿದರು, ವಾಸ್ತುಶಿಲ್ಪಿಗಳನ್ನು ಕಂಡು ಮಾತನಾಡಿದರು. ಕೊನೆಯಲ್ಲಿ ಆಯ್ಕೆಯ ತಕ್ಕಡಿಯಲ್ಲಿ ಉಳಿದವರಲ್ಲಿ ಒಬ್ಬರು ಲ ಕಾರ್ಬುಸಿಯೆ. ಆ ವೇಳೆಗೆ ಅವರು ನಮ್ಮ ಚಂಡೀಗಢದ ನಿರ್ಮಾಣದಲ್ಲಿ ತೊಡಗಿದ್ದರು. ಮತ್ತೊಬ್ಬರು ಜರ್ಮನಿಯಿಂದ ವಲಸೆ ಬಂದು ಷಿಕಾಗೋದಲ್ಲಿ ನೆಲೆಸಿದ್ದ ಲುಡ್ವಿಗ್ ಮೀಸ್ ವಾನ್ ಡೆರ್ ರೋ. ಕಲ್ಲುಕುಟಿಗನ ಮಗನಾಗಿ 1886ರಲ್ಲಿ ಜನಿಸಿದ ಮೀಸ್, ನಾಜಿಗಳ ಒತ್ತಡದಲ್ಲಿ 1933ರಲ್ಲಿ ಮುಚ್ಚಿದ ಬೌಹೌಸ್ ವಿದ್ಯಾಶಾಲೆಯ ಕೊನೆಯ ನಿರ್ದೇಶಕರು. ಲ್ಯಾಂಬರ್ಟ್ ಆರಿಸಿದ್ದು ಇವರನ್ನು. ಜಾನ್ಸನ್ ಸಹವರ್ತಿಯಾದರು. ಸ್ಥಳೀಯ ನಿಯಮಗಳನ್ನು ಬಲ್ಲ ಕಾನ್ ಅಂಡ್ ಜೇಕಬ್ಸ್ ಸಂಸ್ಥೆ ಜೊತೆಗೂಡಿತು. ಇಲ್ಲೊಂದು ಸ್ವಾರಸ್ಯವಿದೆ. ಜಗತ್ಪ್ರಸಿದ್ಧರಾಗಿದ್ದ ಮೀಸ್‌ಗೆ ನ್ಯೂಯಾರ್ಕ್ ರಾಜ್ಯದಲ್ಲಿ ವಾಸ್ತುಶಿಲ್ಪಿಯ ಪರವಾನಗಿ ಇರಲಿಲ್ಲ. ಪ್ರೌಢಶಿಕ್ಷಣ ಮುಗಿಸಿದ್ದಕ್ಕೆ ದಾಖಲೆ ಎಲ್ಲಿ ಎಂಬ ಪ್ರಶ್ನೆ ಎದುರಾಯಿತು. ಬೇಸತ್ತ ಅವರು ಕೆಲಕಾಲ ಷಿಕಾಗೋಗೆ ಮರಳಿದ್ದೂ ಉಂಟು. ಕಡತಕ್ಕೆ ಪ್ರತಿಭೆ ಕಾಣುವುದಿಲ್ಲ, ಲಗತ್ತುಗಳು ಮಾತ್ರ ಕಾಣುತ್ತವೆ. ಇದು ಎಲ್ಲ ದೇಶಗಳ ಕಡತಗಳಿಗೂ ಸಮಾನವಾದ ಗುಣ.

ಮೀಸ್ ತೆಗೆದುಕೊಂಡ ಮುಖ್ಯ ನಿರ್ಧಾರ ಕಟ್ಟಡಕ್ಕಿಂತ ಖಾಲಿ ಜಾಗಕ್ಕೆ ಸಂಬಂಧಿಸಿದ್ದು. 38 ಮಹಡಿಗಳ, 515 ಅಡಿ ಎತ್ತರದ ಗೋಪುರವನ್ನು ಅವರು ರಸ್ತೆಯಂಚಿನಿಂದ 90 ಅಡಿ ಹಿಂದಕ್ಕೆ ನಿಲ್ಲಿಸಿದರು. ಕಾಲುಭಾಗದ ನಿಯಮವನ್ನು ಬಳಸಿಕೊಂಡು, ಮೆಟ್ಟಿಲುಗಳಿಲ್ಲದೆ ನೆಲದಿಂದ ನೆತ್ತಿಯವರೆಗೆ ನೇರವಾಗಿ ಏರುವ ಗೋಪುರ ಅದು. ಮುಂದೆ ಉಳಿದದ್ದು ಗ್ರಾನೈಟ್ ಹಾಸಿದ ವಿಶಾಲ ಅಂಗಳ, ಎರಡು ಕೊಳಗಳು, ಅಂಚಿನಲ್ಲಿ ಹಸಿರು ಅಮೃತಶಿಲೆಯ ಕಟ್ಟೆಗಳು. ಕಟ್ಟಡದ ಮೈಗೆ ಸುಮಾರು 1,500 ಟನ್ ಕಂಚು, ತೆಳುಗಂದು ಬಣ್ಣದ ಗಾಜು. ಅಗ್ನಿಸುರಕ್ಷತಾ ನಿಯಮದಂತೆ ಉಕ್ಕಿನ ಚೌಕಟ್ಟನ್ನು ಕಾಂಕ್ರೀಟಿನಲ್ಲಿ ಮುಚ್ಚಬೇಕಾಗಿದ್ದರಿಂದ, ಒಳಗಿನ ರಚನೆಯನ್ನು ಸೂಚಿಸಲು ಹೊರಮೈಗೆ ಕಂಚಿನ ಲಂಬಪಟ್ಟಿಗಳನ್ನು ಜೋಡಿಸಿದರು. ಅವು ಭಾರ ಹೊರುವುದಿಲ್ಲ. ರಚನೆಯ ಪ್ರಾಮಾಣಿಕತೆಯನ್ನು ಬೋಧಿಸಿದ ವಾಸ್ತುಶಿಲ್ಪಿ ಅದನ್ನು ಅಲಂಕಾರದ ಮೂಲಕ ತೋರಿಸಬೇಕಾಯಿತಲ್ಲ ಎಂದು ವಿಮರ್ಶಕರು ಇಂದಿಗೂ ಚರ್ಚಿಸುತ್ತಾರೆ. ಕಂಚು ಹಸಿರುಗಟ್ಟದಂತೆ ಕಾಲಕಾಲಕ್ಕೆ ಎಣ್ಣೆ ಹಚ್ಚಿ ಉಜ್ಜಬೇಕು. ಕಿಟಕಿಯ ಪರದೆಗಳು ಪೂರ್ತಿ ತೆರೆದು, ಅರ್ಧಕ್ಕೆ ಅಥವಾ ಪೂರ್ತಿ ಮುಚ್ಚಿ ಮಾತ್ರ ನಿಲ್ಲುವಂತೆ ಮಾಡಲಾಗಿತ್ತು. ಹೊರಗಿನಿಂದ ನೋಡುವವರಿಗೆ ಅಸ್ತವ್ಯಸ್ತ ಕಾಣಬಾರದೆಂಬ ಕಾಳಜಿ ಅಷ್ಟರಮಟ್ಟಿಗಿತ್ತು.

ಇನ್ನು ಅರ್ಥಶಾಸ್ತ್ರದ ಪ್ರಶ್ನೆ. ಮ್ಯಾನ್‌ಹಟನ್ನಿನ ಅತ್ಯಂತ ದುಬಾರಿ ನೆಲದಲ್ಲಿ, ಬಾಡಿಗೆ ತರಬಹುದಾದ ಜಾಗವನ್ನು ಖಾಲಿ ಬಿಡುವುದೆಂದರೆ ಪ್ರತಿವರ್ಷ ಕೈಬಿಟ್ಟ ಆದಾಯ ಎಂದೇ ಲೆಕ್ಕ. ನಿರ್ಮಾಣಕ್ಕೆ ತಗಲಿದ ವೆಚ್ಚ ಸುಮಾರು 3.6 ಕೋಟಿ ಡಾಲರ್. ಅಂದಿನ ಕಚೇರಿ ಕಟ್ಟಡಗಳ ಪೈಕಿ ಚದರ ಅಡಿಗೆ ಅತಿ ದುಬಾರಿಯಾದದ್ದೆಂಬ ಖ್ಯಾತಿ ಅದಕ್ಕಿತ್ತು. ಇದೆಲ್ಲ ಶುದ್ಧ ದಾನವೆಂದು ನಾನು ಹೇಳಲಾರೆ. ಕಂಪೆನಿಗೆ ಗೌರವ ಬಂತು, ಹೆಸರಿಗೆ ಹೊಳಪು ಬಂತು, ಅದೊಂದು ಬಗೆಯ ಜಾಹೀರಾತೂ ಆಯಿತು. ಆದರೆ ಅಂಗಳದಲ್ಲಿ ನಡೆದುಹೋದ ದಾರಿಹೋಕ ಅದಕ್ಕಾಗಿ ಚಿಕ್ಕಾಸನ್ನೂ ಕೊಡಲಿಲ್ಲ. ಖಾಸಗಿ ವೆಚ್ಚದಿಂದ ಸಾರ್ವಜನಿಕರಿಗೆ ಪುಕ್ಕಟೆಯಾಗಿ ಹರಿದುಬಂದ ಪ್ರಯೋಜನವಿದು. ಅರ್ಥಶಾಸ್ತ್ರದಲ್ಲಿ ನಾವು ಇದನ್ನು ಬಾಹ್ಯ ಲಾಭ ಎಂದು ಕರೆಯುತ್ತೇವೆ.

ಸರ್ಕಾರದ ಮೊದಲ ಪ್ರತಿಕ್ರಿಯೆ ತೆರಿಗೆ ಇಲಾಖೆಯಿಂದ ಬಂತು. ಬಾಡಿಗೆ ಕಟ್ಟಡಗಳ ಮೌಲ್ಯವನ್ನು ಅವು ತರುವ ನಿವ್ವಳ ಆದಾಯದ ಆಧಾರದ ಮೇಲೆ ನಿರ್ಧರಿಸುವುದು ರೂಢಿ. ತನ್ನ ಕಟ್ಟಡಕ್ಕೂ ಅದೇ ಅಳತೆ ಅನ್ವಯವಾಗಬೇಕು, ಕಂಚಿಗೂ ಅಂಗಳಕ್ಕೂ ಮಾಡಿದ ಹೆಚ್ಚುವರಿ ಖರ್ಚು ಬಾಡಿಗೆಯಾಗಿ ಮರಳುವುದಿಲ್ಲ ಎಂದು ಕಂಪೆನಿ ವಾದಿಸಿತು. ಕೆಲವೇ ವರ್ಷಗಳ ಹಿಂದೆ ಅಷ್ಟು ಹಣ ಸುರಿದು ಕಟ್ಟಿದ ಕಟ್ಟಡದ ಮೌಲ್ಯ ಅಷ್ಟು ಬೇಗ ಕರಗಿಹೋಯಿತೆಂದು ನಂಬುವುದು ಹೇಗೆ, ಮಾಲೀಕನಿಗೆ ದೊರೆತ ಪ್ರತಿಷ್ಠೆಗೂ ಬೆಲೆಯಿಲ್ಲವೇ ಎಂಬುದು ನಗರದ ಪ್ರತಿವಾದ. 1963ರಲ್ಲಿ ಮೇಲ್ಮನವಿ ಪೀಠ, 1964ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ನಗರದ ಪರವಾಗಿ ತೀರ್ಪಿತ್ತವು. ಉತ್ತಮ ವಾಸ್ತುಶಿಲ್ಪಕ್ಕೆ ವಿಧಿಸಿದ ದಂಡವಿದು ಎಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಏಡಾ ಲೂಯಿ ಹಕ್ಸ್‌ಟಬಲ್ ಅವರಂಥ ವಿಮರ್ಶಕರು ಕಟುವಾಗಿ ಟೀಕಿಸಿದರು. ಕೊಟ್ಟವನು ಕೋಡಂಗಿ ಎಂಬ ನಮ್ಮ ಗಾದೆ ನೆನಪಾಗುತ್ತದೆ. ನ್ಯಾಯಾಲಯದ ತರ್ಕದಲ್ಲಿ ಹುರುಳಿಲ್ಲದಿಲ್ಲ. ಪ್ರತಿಷ್ಠೆಗೆ ಮೌಲ್ಯ ಇದ್ದೇ ಇದೆ. ಆದರೆ ಅಗ್ಗದ ಕಟ್ಟಡ ಕಟ್ಟಿ ಇಡೀ ನಿವೇಶನವನ್ನು ತುಂಬಿದವನಿಗೆ ಒಂದು ಅಳತೆ, ಒಳ್ಳೆಯ ವಸ್ತು ಬಳಸಿ ಜಾಗ ಬಿಟ್ಟವನಿಗೆ ಇನ್ನೊಂದು ಅಳತೆ ಎಂದಾದಾಗ, ಮುಂದಿನ ಮಾಲೀಕ ಯಾವ ಪಾಠ ಕಲಿಯುತ್ತಾನೆಂಬುದನ್ನು ತೆರಿಗೆ ಅಧಿಕಾರಿ ಯೋಚಿಸುವುದಿಲ್ಲ. ಅದು ಅವನ ಕರ್ತವ್ಯದ ಪಟ್ಟಿಯಲ್ಲಿಯೂ ಇರುವುದಿಲ್ಲ.

ವಿಚಿತ್ರವೆಂದರೆ, ಅದೇ ನಗರಾಡಳಿತದ ಇನ್ನೊಂದು ಇಲಾಖೆ ಇದಕ್ಕೆ ತದ್ವಿರುದ್ಧವಾದ ಹಾದಿ ಹಿಡಿದಿತ್ತು. ಜೇಮ್ಸ್ ಫೆಲ್ಟ್ ಅಧ್ಯಕ್ಷತೆಯ ನಗರ ಯೋಜನಾ ಆಯೋಗಕ್ಕೆ ಸೀಗ್ರಾಂ ಅಂಗಳ ಬಹುವಾಗಿ ಹಿಡಿಸಿತು. 1961ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ವಲಯ ನಿಯಮ ಹಳೆಯ ಮೆಟ್ಟಿಲು ಪದ್ಧತಿಯ ಬದಲು ನಿವೇಶನ ಮತ್ತು ಮಹಡಿ ವಿಸ್ತೀರ್ಣದ ಅನುಪಾತವನ್ನು, ನಮ್ಮ ನಗರಗಳಲ್ಲೂ ಈಗ ಮನೆಮಾತಾಗಿರುವ ಎಫ್‌ಎಆರ್ ಅನ್ನು, ಆಧಾರವಾಗಿಟ್ಟುಕೊಂಡಿತು. ಅತಿ ದಟ್ಟಣೆಯ ವಲಯಗಳಲ್ಲಿ ಗರಿಷ್ಠ ಮಿತಿ 15. ಆದರೆ ಸಾರ್ವಜನಿಕರಿಗೆ ತೆರೆದ ಅಂಗಳ ಬಿಟ್ಟವರಿಗೆ ಪ್ರತಿ ಚದರ ಅಡಿಗೆ 10 ಚದರ ಅಡಿ ಹೆಚ್ಚುವರಿ ಕಟ್ಟಡದ ಹಕ್ಕು, 18ರ ಮಿತಿಯವರೆಗೆ. ಸೀಗ್ರಾಂ ಸ್ವಇಚ್ಛೆಯಿಂದ ಮಾಡಿದ್ದನ್ನು ಇತರರು ಲಾಭದಾಸೆಯಿಂದಾದರೂ ಮಾಡಲಿ ಎಂಬುದು ಉದ್ದೇಶ. ಕಾಗದದ ಮೇಲೆ ಇದಕ್ಕಿಂತ ಸುಂದರವಾದ ಪ್ರೋತ್ಸಾಹಕ ಯೋಜನೆ ಇರಲಾರದು. ನಗರಕ್ಕೆ ಕೈಯಿಂದ ಕಾಸು ಖರ್ಚಿಲ್ಲ, ನಿರ್ಮಾಣಗಾರನಿಗೆ ಲಾಭ, ನಾಗರಿಕನಿಗೆ ಬಯಲು.

ಯೋಜನೆ ಎಷ್ಟು ಯಶಸ್ವಿಯಾಯಿತೆಂದರೆ ಅಂಗಳಗಳು ನಾಯಿಕೊಡೆಗಳಂತೆ ಎದ್ದವು. ಸಿಕ್ಸ್ತ್ ಅವೆನ್ಯೂ ಉದ್ದಕ್ಕೂ ಒಂದರ ಪಕ್ಕ ಒಂದು ಗೋಪುರ, ಪ್ರತಿ ಗೋಪುರದ ಮುಂದೆ ಒಂದು ಬರಡು ಬಯಲು. ಹಲವೆಡೆ ಕೂರಲು ಜಾಗವಿರಲಿಲ್ಲ, ನೆರಳಿರಲಿಲ್ಲ. ಜನ ಕೂರದಂತೆ ಕಟ್ಟೆಗಳ ಮೇಲೆ ಕಬ್ಬಿಣದ ಮೊಳೆಗಳನ್ನು ನೆಟ್ಟವರೂ ಇದ್ದರು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬಂತೆ, ನಿಯಮ ಕೇಳಿದ್ದು ಚದರ ಅಡಿಯನ್ನಾದ್ದರಿಂದ ನಿರ್ಮಾಣಗಾರರು ಒದಗಿಸಿದ್ದೂ ಚದರ ಅಡಿಯನ್ನೇ. ಸೀಗ್ರಾಂ ಅಂಗಳ ಮನಸೆಳೆದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದರ ಇಕ್ಕೆಲಗಳಲ್ಲಿ, ಎದುರಿನಲ್ಲಿ ರಸ್ತೆಯಂಚಿಗೆ ಒತ್ತಾಗಿ ನಿಂತ ಕಟ್ಟಡಗಳ ಗೋಡೆ ಇತ್ತು. ಆ ಗೋಡೆಯ ನಡುವೆ ತೆರೆದ ಒಂದು ಬಯಲಿಗೆ ಬೆಲೆ. ಎಲ್ಲರೂ ಬಯಲು ಬಿಟ್ಟರೆ ಬೀದಿಯೇ ಹಲ್ಲುದುರಿದ ಬಾಯಿಯಂತಾಗುತ್ತದೆ.

ಈ ವೈಫಲ್ಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಕೀರ್ತಿ ವಿಲಿಯಂ ಎಚ್. ವೈಟ್ ಅವರದು. 1970ರ ದಶಕದಲ್ಲಿ ಅವರೂ ಅವರ ಸಹಾಯಕರೂ ಕ್ಯಾಮೆರಾ ಹಿಡಿದು ನಗರದ ಅಂಗಳಗಳಲ್ಲಿ ಜನ ಹೇಗೆ ನಡೆಯುತ್ತಾರೆ, ಎಲ್ಲಿ ಕೂರುತ್ತಾರೆ ಎಂಬುದನ್ನು ಗಂಟೆಗಟ್ಟಲೆ ದಾಖಲಿಸಿದರು. ಅವರ ಮುಖ್ಯ ತೀರ್ಮಾನ ನಮ್ಮ ಹಳ್ಳಿಯ ಯಾರಿಗಾದರೂ ಗೊತ್ತಿರುವಂಥದೇ. ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ. ಸೀಗ್ರಾಂ ಅಂಗಳದ ಕಟ್ಟೆಗಳೂ ಮೆಟ್ಟಿಲುಗಳೂ ಮಧ್ಯಾಹ್ನದ ಊಟದ ಹೊತ್ತಿಗೆ ತುಂಬಿರುತ್ತಿದ್ದವು. ಅವು ಆಸನಗಳಾಗುತ್ತವೆಂಬುದು ವಿನ್ಯಾಸಕಾರರ ಎಣಿಕೆಯಲ್ಲೇ ಇರಲಿಲ್ಲ. ಊರ ಅರಳಿಕಟ್ಟೆಯಲ್ಲಿ ಆಗುವುದೇ ಅಲ್ಲಿಯೂ ಆಗುತ್ತಿತ್ತು. ಜನ ಜನರನ್ನು ನೋಡಲು ಬರುತ್ತಿದ್ದರು. ವೈಟ್ ಅವರ ಅಧ್ಯಯನದ ಫಲವಾಗಿ 1975ರಲ್ಲಿ ನಿಯಮಗಳಿಗೆ ತಿದ್ದುಪಡಿಯಾಯಿತು. ಪ್ರತಿ 30 ಚದರ ಅಡಿ ಅಂಗಳಕ್ಕೆ ಒಂದು ಅಡಿ ಉದ್ದದ ಆಸನ ಕಡ್ಡಾಯವಾಯಿತು. ಮರಗಳ ಬಗೆಗೂ ವಿಧಿಗಳು ಸೇರಿದವು.

ಆದರೂ ಲೆಕ್ಕ ಸಮಾಧಾನಕರವಾಗಿಲ್ಲ. ಜೆರಾಲ್ಡ್ ಕೇಡನ್ ಅವರ ನೇತೃತ್ವದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, 320 ಕಟ್ಟಡಗಳಲ್ಲಿ ಇಂಥ 503 ಸ್ಥಳಗಳು ನಿರ್ಮಾಣವಾಗಿದ್ದವು. ಒಟ್ಟು ವಿಸ್ತೀರ್ಣ ಸುಮಾರು 82 ಎಕರೆ. ಅವುಗಳಲ್ಲಿ ಶೇಕಡಾ 41ರಷ್ಟು ಸಾರ್ವಜನಿಕರಿಗೆ ಹೆಚ್ಚುಕಡಿಮೆ ನಿರುಪಯುಕ್ತ. 2017ರಲ್ಲಿ ನಗರದ ಲೆಕ್ಕಪರಿಶೋಧನೆ 333 ತಾಣಗಳನ್ನು ಪರಿಶೀಲಿಸಿ, 182ರಲ್ಲಿ ಕಡ್ಡಾಯ ಸೌಲಭ್ಯಗಳು ಸರಿಯಾಗಿಲ್ಲವೆಂದು ವರದಿ ಮಾಡಿತು. ಹೆಚ್ಚುವರಿ ಮಹಡಿಗಳು ಒಮ್ಮೆ ಎದ್ದರೆ ಶಾಶ್ವತ. ಅದಕ್ಕೆ ಪ್ರತಿಯಾಗಿ ಕೊಡಬೇಕಾದ ಸೌಲಭ್ಯ ಮಾತ್ರ ಪ್ರತಿದಿನ ಹೊಸದಾಗಿ ಕೊಡಬೇಕಾದದ್ದು. ಬೆಂಚು ಮುರಿದರೆ, ಗೇಟಿಗೆ ಬೀಗ ಬಿದ್ದರೆ ಕೇಳುವವರಿರಬೇಕು. ಆ ಕೇಳುವ ಕೆಲಸಕ್ಕೆ ಸಾಕಷ್ಟು ಸಿಬ್ಬಂದಿಯನ್ನು ನಗರ ಎಂದೂ ನೇಮಿಸಲಿಲ್ಲ. ಇದಕ್ಕೆ ಅಪವಾದವೆಂಬಂತೆ, ಇಂಥ ವಿನಿಮಯದಿಂದ 1968ರಲ್ಲಿ ಹುಟ್ಟಿದ ಒಂದು ಅಂಗಳ 2011ರಲ್ಲಿ ಜಗತ್ತಿನ ಗಮನ ಸೆಳೆಯಿತು. ವಾಲ್ ಸ್ಟ್ರೀಟ್ ವಿರೋಧಿ ಚಳವಳಿಗಾರರು ಬೀಡುಬಿಟ್ಟ ಜುಕೋಟಿ ಉದ್ಯಾನ ಖಾಸಗಿ ಒಡೆತನದ್ದು. ಆದರೆ ಹಗಲಿರುಳೂ ಸಾರ್ವಜನಿಕರಿಗೆ ತೆರೆದಿರಬೇಕೆಂಬ ಷರತ್ತು ಅದಕ್ಕಿದ್ದುದರಿಂದ, ನಗರದ ಉದ್ಯಾನಗಳಂತೆ ರಾತ್ರಿ ಮುಚ್ಚಲು ಸಾಧ್ಯವಾಗಲಿಲ್ಲ.

ಇತ್ತ ಮೂಲ ಕಟ್ಟಡದ ಪಾಡೇನಾಯಿತು? 1979ರಲ್ಲಿ ಸೀಗ್ರಾಂ ಕಂಪೆನಿ ಅದನ್ನು ಶಿಕ್ಷಕರ ಪಿಂಚಣಿ ಮತ್ತು ವಿಮಾ ಸಂಸ್ಥೆಯೊಂದಕ್ಕೆ 8.55 ಕೋಟಿ ಡಾಲರಿಗೆ ಮಾರಿತು. ಮೂಲ ರೂಪವನ್ನು ಕಾಪಾಡಬೇಕೆಂಬ ಆಶಯವನ್ನು ಮಾರಾಟದ ಷರತ್ತುಗಳಲ್ಲೇ ಅಡಕಗೊಳಿಸಿತು. ಪೆನ್ಸಿಲ್ವೇನಿಯಾ ರೈಲುನಿಲ್ದಾಣದ ಭವ್ಯ ಕಟ್ಟಡವನ್ನು 1963ರಲ್ಲಿ ಕೆಡವತೊಡಗಿದಾಗ ಎದ್ದ ಜನಾಕ್ರೋಶದ ಹಿನ್ನೆಲೆಯಲ್ಲಿ ನ್ಯೂಯಾರ್ಕ್ 1965ರಲ್ಲಿ ಪಾರಂಪರಿಕ ಕಟ್ಟಡಗಳ ರಕ್ಷಣಾ ಕಾನೂನನ್ನು ತಂದಿತ್ತು. ಅದರಂತೆ ಕಟ್ಟಡಕ್ಕೆ 30 ವರ್ಷ ತುಂಬಿರಬೇಕು. 1989ರಲ್ಲಿ ಸೀಗ್ರಾಂ ಕಟ್ಟಡದ ಹೊರಮೈ, ಅಂಗಳ ಮತ್ತು ಪ್ರವೇಶ ಸಭಾಂಗಣ ಈ ರಕ್ಷಣೆಗೆ ಒಳಪಟ್ಟವು. ಜಾನ್ಸನ್ ವಿನ್ಯಾಸಗೊಳಿಸಿ 1959ರಲ್ಲಿ ಆರಂಭವಾಗಿದ್ದ ಫೋರ್ ಸೀಸನ್ಸ್ ಉಪಾಹಾರಗೃಹದ ಒಳಾಂಗಣವನ್ನೂ ಸೇರಿಸಿದ್ದನ್ನು ಮಾಲೀಕ ಸಂಸ್ಥೆ ಪ್ರಶ್ನಿಸಿತು. 1993ರಲ್ಲಿ ಅಲ್ಲಿಯೂ ನಗರದ ಪರವಾಗಿಯೇ ತೀರ್ಪು ಬಂತು. 2000ದಲ್ಲಿ ಕಟ್ಟಡ 37.5 ಕೋಟಿ ಡಾಲರಿಗೆ ಮತ್ತೆ ಕೈಬದಲಾಯಿತು. ಅದೇ ವರ್ಷ ಸೀಗ್ರಾಂ ಕಂಪೆನಿ ಫ್ರಾನ್ಸಿನ ವಿವೆಂಡಿಯಲ್ಲಿ ಲೀನವಾಯಿತು. ಉಪಾಹಾರಗೃಹ 2016ರಲ್ಲಿ ಅಲ್ಲಿಂದ ತೆರವಾಯಿತು. ಕಾನೂನು ಗೋಡೆಗಳನ್ನು ಉಳಿಸಬಲ್ಲುದು, ಅವುಗಳ ನಡುವಿನ ಬದುಕನ್ನಲ್ಲ. ಕಂಪೆನಿ ಹೋಯಿತು, ಹೆಸರು ಕಟ್ಟಡಕ್ಕೆ ಅಂಟಿಕೊಂಡು ಉಳಿಯಿತು. ಬ್ರಾನ್ಫ್‌ಮನ್ ಬಯಸಿದ್ದ ಗೌರವ ಅವರ ವ್ಯಾಪಾರಕ್ಕಿಂತ ದೀರ್ಘಾಯುವಾಯಿತು.

ಕಟ್ಟಡದ ದೋಷವನ್ನೂ ಹೇಳದಿದ್ದರೆ ನ್ಯಾಯವಾಗದು. ಇಂಧನ ಅಗ್ಗವಾಗಿದ್ದ ಕಾಲದ ಕೂಸು ಅದು. ನ್ಯೂಯಾರ್ಕಿನ ದೊಡ್ಡ ಕಟ್ಟಡಗಳ ಇಂಧನ ದಕ್ಷತೆಯ ಅಂಕಗಳು 2012ರಲ್ಲಿ ಬಹಿರಂಗವಾದಾಗ, 1930ರ ಕ್ರೈಸ್ಲರ್ ಕಟ್ಟಡಕ್ಕೆ 100ಕ್ಕೆ 84 ಅಂಕ ಬಂದರೆ ಸೀಗ್ರಾಂ ಕಟ್ಟಡಕ್ಕೆ ಬಂದದ್ದು ಕೇವಲ 3. ಅದರ ಪ್ರಭಾವದಿಂದ ಜಗತ್ತಿನಾದ್ಯಂತ ಎದ್ದ ಗಾಜಿನ ಪೆಟ್ಟಿಗೆಗಳು ಕಂಚನ್ನು ಬಿಟ್ಟವು, ಅಂಗಳವನ್ನು ಬಿಟ್ಟವು, ಗಾಜನ್ನು ಮಾತ್ರ ಹಿಡಿದವು. ಸಮಶೀತೋಷ್ಣ ದೇಶದಲ್ಲೇ ಭಾರವಾದ ಈ ಮಾದರಿ ಉಷ್ಣವಲಯದ ನಗರಗಳಿಗೆ ಎಷ್ಟು ಹೊರೆಯೆಂಬುದನ್ನು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಮ್ಮೆ ಸಾಗಿದವರಿಗೆ ವಿವರಿಸಬೇಕಾಗಿಲ್ಲ.

ಈ ಚರಿತ್ರೆಯಿಂದ ಆಡಳಿತಗಾರ ಏನು ಕಲಿಯಬಹುದು? ಪ್ರೋತ್ಸಾಹಕಗಳು ನಿಷ್ಪ್ರಯೋಜಕ ಎಂದೇನೂ ಅಲ್ಲ. ಅವು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ, ನಾವು ಯಾವುದಕ್ಕೆ ಬೆಲೆ ಕಟ್ಟಿದ್ದೇವೋ ಅದನ್ನೇ ತಂದುಕೊಡುತ್ತವೆ. ಆದ್ದರಿಂದ ಬೆಲೆ ಕಟ್ಟುವ ಮೊದಲು ನಮಗೆ ಬೇಕಾದದ್ದೇನೆಂದು ತಿಳಿದಿರಬೇಕು. ನ್ಯೂಯಾರ್ಕಿಗೆ ಬೇಕಾಗಿದ್ದುದು ಜನ ಕೂತು ಬುತ್ತಿ ಬಿಚ್ಚುವ ಕಟ್ಟೆ. ಅದು ಬೆಲೆ ಕಟ್ಟಿದ್ದು ಬರಿಯ ಬಯಲಿಗೆ. ಅದನ್ನು ಕಂಡುಕೊಳ್ಳಲು ಅದಕ್ಕೆ 14 ವರ್ಷ ಬೇಕಾಯಿತು. ಎರಡನೆಯದಾಗಿ, ಒಳ್ಳೆಯದನ್ನು ಪುರಸ್ಕರಿಸುವ ಇಲಾಖೆಯೂ ಅದನ್ನೇ ತೆರಿಗೆಯ ಹೊರೆಯಿಂದ ಬಗ್ಗಿಸುವ ಇಲಾಖೆಯೂ ಒಂದೇ ಸರ್ಕಾರದ್ದಾಗಿದ್ದರೆ, ಅವೆರಡೂ ಒಮ್ಮೆಯಾದರೂ ಎದುರುಬದುರು ಕೂತು ಮಾತನಾಡಬೇಕು. ಮೂರನೆಯದು ಎಲ್ಲಕ್ಕಿಂತ ಸರಳ. ಹೆಚ್ಚುವರಿ ಹಕ್ಕನ್ನು ಕೊಡುವ ಆದೇಶಕ್ಕೆ ಒಂದು ಸಹಿ ಸಾಕು. ಅದಕ್ಕೆ ಪ್ರತಿಯಾಗಿ ಬರಬೇಕಾದದ್ದು ಬರುತ್ತಿದೆಯೇ ಎಂದು ನೋಡಲು ವರ್ಷವರ್ಷವೂ ಯಾರಾದರೂ ಸ್ಥಳಕ್ಕೆ ಹೋಗಬೇಕು. ರಸ್ತೆ ಅಗಲೀಕರಣಕ್ಕೆ ಬಿಟ್ಟುಕೊಟ್ಟ ಜಾಗಕ್ಕೆ ಪ್ರತಿಯಾಗಿ ಕಟ್ಟಡದ ಹಕ್ಕು ನೀಡುವ ನಮ್ಮ ನಗರಗಳಿಗೂ ಈ ಮಾತು ಅನ್ವಯಿಸುತ್ತದೆ.

ಫಿಲಿಸ್ ಲ್ಯಾಂಬರ್ಟ್ ಮುಂದೆ ಸ್ವತಃ ವಾಸ್ತುಶಿಲ್ಪವನ್ನು ಅಭ್ಯಸಿಸಿದರು. 1979ರಲ್ಲಿ ಮಾಂಟ್ರಿಯಲ್‌ನಲ್ಲಿ ವಾಸ್ತುಶಿಲ್ಪ ಕೇಂದ್ರವನ್ನು ಸ್ಥಾಪಿಸಿ, 2013ರಲ್ಲಿ ಸೀಗ್ರಾಂ ಕಟ್ಟಡದ ಚರಿತ್ರೆಯನ್ನು ಗ್ರಂಥರೂಪದಲ್ಲಿ ಹೊರತಂದರು. 1954ರಲ್ಲಿ ಆಕೆ ತಂದೆಗೆ ಬರೆದ ಪತ್ರದಲ್ಲಿದ್ದ ಕಾಳಜಿಯನ್ನು ಯಾವ ನಿಯಮಾವಳಿಯೂ ಕಲಂಗಳಾಗಿ ಇಳಿಸಲಾರದು. ಅಂಥ ಕಾಳಜಿ ತಾನಾಗಿ ಮೂಡಿದಾಗ ಅದಕ್ಕೆ ಅಡ್ಡಬರದಿರುವುದು, ಮೂಡಿದ ಮೇಲೆ ಅದು ಬಾಳುವಂತೆ ನೋಡಿಕೊಳ್ಳುವುದು ಸರ್ಕಾರದ ಕೈಯಲ್ಲಿದೆ. ಅಷ್ಟು ಮಾಡಿದರೂ ನಗರಗಳಿಗೆ ದೊಡ್ಡ ಉಪಕಾರವಾದೀತು.